ಸ್ಕ್ಯಾನಿಂಗಿನಲ್ಲಿ ‘ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ’ ಅಂತ ಬಂದರೆ ಮನೆಯವರಿಗೆ ಎಂತ ಹೇಳುವುದು?

ಮಲ್ಪೆ_ಗಾಳಿ

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ಪ್ರತಿ ತಿಂಗಳ 9ನೇ ತಾರೀಕಿಗೆ ಬರುವ ಗರ್ಭಿಣಿಯರಿಗೆ, ಅವರೊಟ್ಟಿಗೆ ಬರುವ ಅಮ್ಮ, ಅತ್ತೆಯರಿಗೆ ಅರ್ಧ ಗಂಟೆ ಮಾಹಿತಿ ಕೊಡುವ ಕ್ರಮ ಉಂಟು. ಈ ಸಲ ಹೊಕ್ಕುಳಬಳ್ಳಿಯ ವಿಷಯ ತೆಗೆದುಕೊಳ್ಳುತ್ತೇನೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ:

ಎಂಟನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ “ಕೊರಳ ಸುತ್ತ ಬಳ್ಳಿಯ ಒಂದು ಸುತ್ತು” ಅಂತ ಬರೆದಿದ್ದರೆ ಮಗುವಿಗೆ ಉಸಿರು ಕಟ್ಟುತ್ತದಾ, ಕೂಡಲೇ ಸಿಸೇರಿಯನ್ ಮಾಡಿಸಬೇಕಾ? ಕೈ ಎತ್ತಿ ಬಟ್ಟೆ ಒಣಗಿಸಿದರೆ ಬಳ್ಳಿ ಸುತ್ತಿಕೊಳ್ಳುತ್ತದೆ ಅಂತ ಹಿರಿಯರು ಹೇಳುವುದರಲ್ಲಿ ಎಂತ ಹುರುಳುಂಟು? ‘ಬಳ್ಳಿಯಲ್ಲಿ ಎರಡೇ ರಕ್ತನಾಳ’ ಅಂದರೆ ಎಂತ? ಮಗು ಹುಟ್ಟಿದ ಮೇಲೂ ಬಳ್ಳಿ ಕತ್ತರಿಸದೆ ಯಾಕೆ ಕಾಯುತ್ತಾರೆ? ಕೊನೆಗೆ, ಈ ಮಳೆಗಾಲದಲ್ಲಿ ಹೊಕ್ಕುಳಿಗೆ ತೆಂಗಿನೆಣ್ಣೆ, ಬಜೆ, ಪೌಡರ್ ಹಾಕಬಹುದಾ?

ಸುಮ್ಮನೆ “ಹೆದರಬೇಡಿ” ಅಂದರೆ ಯಾರೂ ನಂಬುವುದಿಲ್ಲ. ಒಳಗೆ ಹೇಗೆ ಕೆಲಸ ಆಗುತ್ತದೆ ಅಂತ ಗೊತ್ತಾದರೆ ನಂಬುತ್ತಾರೆ. ಗೊತ್ತಿದ್ದವರು ವಿವರವಾಗಿ ಬರೆಯಿರಿ.

---

ಹೆರಿಗೆ_ಕೋಣೆ_ಮಂಗಳೂರು

ಸಿಸ್ಟರ್, ಮೊದಲ ಪ್ರಶ್ನೆಗೆ ಉತ್ತರ ಮನೆಯವರಿಗೆ ಮನದಟ್ಟಾಗಬೇಕಾದರೆ ಒಂದು ವಿಷಯದಿಂದ ಶುರು ಮಾಡಿ: ಹೊಟ್ಟೆಯಲ್ಲಿರುವ ಮಗು ಮೂಗು-ಗಂಟಲಿನಿಂದ ಗಾಳಿ ಎಳೆದುಕೊಳ್ಳುವುದಿಲ್ಲ. ಶ್ವಾಸಕೋಶದ ತುಂಬ ಇರುವುದು ನೀರು. ಬೇಕಾದ ಆಮ್ಲಜನಕವೆಲ್ಲ ಮಾಸಿನಿಂದ ಬಳ್ಳಿಯ ಮೂಲಕ ಹೊಕ್ಕುಳಿಗೆ ಬರುತ್ತದೆ. ಹಾಗಾಗಿ ಕೊರಳಿಗೆ ಬಳ್ಳಿ ಸುತ್ತಿದರೆ ನಮಗೆ ಹಗ್ಗ ಬಿಗಿದಾಗ ಆಗುವಂತೆ ಉಸಿರು ಕಟ್ಟುವ ಪ್ರಶ್ನೆ ಬರುವುದಿಲ್ಲ. ಬಳ್ಳಿಯೊಳಗಿನ ರಕ್ತದ ಓಟ ನಿಂತರೆ ಮಾತ್ರ ತೊಂದರೆ. ಬಳ್ಳಿ ಕೊರಳಲ್ಲಿರಲಿ, ಕಾಲಲ್ಲಿರಲಿ, ಗರ್ಭಕೋಶದ ಗೋಡೆಗೆ ಒತ್ತಿಕೊಂಡಿರಲಿ, ನೋಡಬೇಕಾದ್ದು ಅದೊಂದನ್ನೇ.

ಬಳ್ಳಿಯ ಒಳಗೆ ಮೂರು ರಕ್ತನಾಳ. ಒಂದು ಅಭಿಧಮನಿ, ಎರಡು ಅಪಧಮನಿ. ನಮ್ಮ ಮೈಯಲ್ಲಿರುವ ಲೆಕ್ಕ ಇಲ್ಲಿ ತಿರುಗುಮುರುಗು: ಅಭಿಧಮನಿ ಮಾಸಿನಿಂದ ಆಮ್ಲಜನಕ, ಗ್ಲೂಕೋಸ್ ತುಂಬಿದ ರಕ್ತವನ್ನು ಮಗುವಿಗೆ ತರುತ್ತದೆ, ಅಪಧಮನಿಗಳು ಬಳಸಿಯಾದ ರಕ್ತವನ್ನು ಮಾಸಿಗೆ ಒಯ್ಯುತ್ತವೆ. ತಿಂಗಳು ತುಂಬಿದ ಮಗುವಿಗೆ ಈ ದಾರಿಯಲ್ಲಿ ನಿಮಿಷಕ್ಕೆ ಕಾಲು ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ತಾಯಿಯ ರಕ್ತ ನೇರ ಮಗುವಿಗೆ ಹೋಗುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ, ಹಾಗಲ್ಲ. ಮಾಸಿನೊಳಗೆ ತಾಯಿಯ ರಕ್ತ ತುಂಬಿದ ಜಾಗದಲ್ಲಿ ಮಗುವಿನ ರಕ್ತನಾಳಗಳಿರುವ ಸಣ್ಣ ಸಣ್ಣ ಎಳೆಗಳು ಮುಳುಗಿರುತ್ತವೆ. ನಡುವಿನ ತೆಳು ಪೊರೆಯ ಮೂಲಕ ಕೊಡುಕೊಳ್ಳುವಿಕೆ ಆಗುತ್ತದೆ. ಎರಡು ರಕ್ತ ಬೆರೆಯುವುದಿಲ್ಲ.

ಈ ಮೂರೂ ನಾಳಗಳ ಸುತ್ತ ಲೋಳೆಯಂಥ ಗಟ್ಟಿ ಪದಾರ್ಥ ತುಂಬಿರುತ್ತದೆ, ವಾರ್ಟನ್ ಜೆಲ್ಲಿ. 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಾರ್ಟನ್ ಹೆಸರು ಇದಕ್ಕೆ. ಹೆರಿಗೆಯಾದ ಕೂಡಲೇ ಬಳ್ಳಿಯನ್ನು ಬೆರಳಲ್ಲಿ ಹಿಡಿದರೆ ಇದು ತಿಳಿಯುತ್ತದೆ: ಬೆಳ್ಳಗೆ, ನೀಲಿ ಛಾಯೆ, ಜಾರುತ್ತದೆ, ಒತ್ತಿದರೆ ಮತ್ತೆ ಉಬ್ಬುತ್ತದೆ. ಜೊತೆಗೆ ನಾಳಗಳು ಕತ್ತದ ಹಗ್ಗದ ಹುರಿಯ ಹಾಗೆ ತಿರುಚಿಕೊಂಡಿರುತ್ತವೆ, ಸರಾಸರಿ 5 ಸೆಂ.ಮೀ.ಗೆ ಒಂದು ಸುತ್ತು. ಜೆಲ್ಲಿ, ತಿರುಚು ಎರಡೂ ಸೇರಿದ್ದರಿಂದಲೇ ಬಳ್ಳಿ ಬಾಗಿದರೂ ಮಡಿಚಿ ಮುಚ್ಚಿಹೋಗುವುದಿಲ್ಲ. ಜೆಲ್ಲಿ ಕಡಿಮೆ ಇರುವ ಸಪೂರ ಬಳ್ಳಿಗೆ, ಬೆಳವಣಿಗೆ ಕುಂಠಿತವಾದ ಮಗುವಿನಲ್ಲಿ ಹೀಗಿರುವುದು ಹೆಚ್ಚು, ಈ ರಕ್ಷಣೆ ಕಡಿಮೆ.

ಉದ್ದ ಸಾಮಾನ್ಯವಾಗಿ 50ರಿಂದ 60 ಸೆಂ.ಮೀ. ಮಗು ನೀರಿನಲ್ಲಿ ಹೊರಳಾಡಿ ಎಳೆದಷ್ಟೂ ಬಳ್ಳಿ ಬೆಳೆಯುತ್ತದೆ. ಉದ್ದ ಹೆಚ್ಚಾದಷ್ಟು ಸುತ್ತಿಕೊಳ್ಳುವ ಸಂಭವವೂ ಹೆಚ್ಚು. ತಾಯಿ ಕೈ ಎತ್ತುವುದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಗರ್ಭಕೋಶಕ್ಕೆ ಕೈಯ ಸ್ನಾಯು ಅಂಟಿಕೊಂಡಿಲ್ಲ. ಬಟ್ಟೆ ಒಣಗಿಸಲಿ, ಬೇಕಾದರೆ ಅಟ್ಟದ ಡಬ್ಬವನ್ನೂ ತೆಗೆಯಲಿ. ಸ್ಟೂಲು ಹತ್ತುವುದು ಬೇಡ, ಅದು ಬೀಳುವ ಭಯಕ್ಕೆ.

ಹೆರಿಗೆಯಾಗುವ ಮಕ್ಕಳಲ್ಲಿ ನಾಲ್ಕರಲ್ಲೊಂದರ ಕೊರಳಲ್ಲಿ ಬಳ್ಳಿ ಇದ್ದೇ ಇರುತ್ತದೆ. ಹೆಚ್ಚಿನವು ಸಡಿಲ, ಒಂದೇ ಸುತ್ತು. ಎಂಟನೇ ತಿಂಗಳಲ್ಲಿ ಕಂಡ ಸುತ್ತು ಮುಂದಿನ ವಾರ ಬಿಚ್ಚಿಕೊಂಡಿರಬಹುದು, ಆಗ ಇಲ್ಲದ್ದು ಹೆರಿಗೆಯ ದಿನ ಇರಬಹುದು. ಅದಕ್ಕೇ ಆ ಒಂದು ಸಾಲಿನ ಮೇಲೆ ಸಿಸೇರಿಯನ್ ನಿರ್ಧಾರ ಮಾಡುವುದಿಲ್ಲ. ಮನೆಯಲ್ಲಿ ನೋಡಬೇಕಾದ್ದು ಮಗುವಿನ ಓಡಾಟ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಲಿ. ಎರಡು ಗಂಟೆಯಲ್ಲಿ 10 ಸಲ ಸಿಗದಿದ್ದರೆ, ಅಥವಾ ದಿನನಿತ್ಯದ ಓಡಾಟಕ್ಕಿಂತ ಸ್ಪಷ್ಟವಾಗಿ ಕಡಿಮೆ ಅನಿಸಿದರೆ, ಬೆಳಗಾಗಲಿ ಅಂತ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಬರಲಿ. ರಿಪೋರ್ಟಿನಲ್ಲಿ ಸುತ್ತು ಇದ್ದವರಿಗೂ ಇಲ್ಲದವರಿಗೂ ಇದೇ ಮಾತು.

ನೋವು ಶುರುವಾದ ಮೇಲೆ ನಾವು ಮಗುವಿನ ಎದೆಬಡಿತ ನೋಡುತ್ತೇವೆ. ನಿಮಿಷಕ್ಕೆ 110ರಿಂದ 160 ಸರಿ. ಬಳ್ಳಿ ಒತ್ತಿಕೊಂಡಾಗ ತೆಳು ಗೋಡೆಯ ಅಭಿಧಮನಿ ಮೊದಲು ಚಪ್ಪಟೆಯಾಗುತ್ತದೆ, ಮಗುವಿಗೆ ಬರುವ ರಕ್ತ ಕಡಿಮೆಯಾಗಿ ಬಡಿತ ಚೂರು ಏರುತ್ತದೆ. ಒತ್ತಡ ಇನ್ನೂ ಹೆಚ್ಚಾದರೆ ಅಪಧಮನಿಗಳೂ ಮುಚ್ಚುತ್ತವೆ, ಮಗುವಿನ ರಕ್ತದೊತ್ತಡ ಏರಿ ಎದೆಬಡಿತ ತಟಕ್ಕನೆ ಇಳಿಯುತ್ತದೆ. ನೋವು ಇಳಿದ ಕೂಡಲೇ ವಾಪಸು ಮೇಲೆ. ಸಿಟಿಜಿ (ಮಗುವಿನ ಎದೆಬಡಿತ, ತಾಯಿಯ ನೋವು ಎರಡನ್ನೂ ಗೆರೆಯಾಗಿ ಬರೆಯುವ ಯಂತ್ರ) ಕಾಗದದಲ್ಲಿ ಇದು ಚೂಪು ತಗ್ಗಾಗಿ ಕಾಣುತ್ತದೆ, ಪ್ರತಿ ನೋವಿಗೂ ಬೇರೆ ಬೇರೆ ಆಕಾರ. ಮಧ್ಯೆ ಬಡಿತ ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದರೆ ಮಗು ತಡೆದುಕೊಳ್ಳುತ್ತಿದೆ ಎಂದರ್ಥ. ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ನೋವು ಬರಿಸುವ ಡ್ರಿಪ್ ನಿಲ್ಲಿಸುವುದು, ಇಷ್ಟಕ್ಕೇ ಎಷ್ಟೋ ಸಲ ಸರಿಯಾಗುತ್ತದೆ. ತಗ್ಗು ಆಳವಾಗಿ, ಉದ್ದವಾಗಿ, ಚೇತರಿಕೆ ನಿಧಾನವಾಗುತ್ತಾ ಹೋದರೆ ಆಗ ಸಿಸೇರಿಯನ್. ಅದು ಸರಿಯಾದ ಕಾರಣ.

ತಲೆ ಹೊರಬಂದ ಮೇಲೆ ಕೊರಳಿಗೆ ಬೆರಳು ಹಾಕಿ ನೋಡುತ್ತೇವೆ. ಸಡಿಲ ಇದ್ದರೆ ತಲೆಯ ಮೇಲಿಂದ ದಾಟಿಸುವುದು. ಅಷ್ಟು ಉದ್ದ ಇಲ್ಲದಿದ್ದರೆ ಭುಜದ ಮೇಲಿಂದ ಹಿಂದಕ್ಕೆ ಸರಿಸಿ ಮಗುವನ್ನು ಅದರ ನಡುವಿನಿಂದ ಬರಮಾಡಿಕೊಳ್ಳುವುದು. ಬಿಗಿಯಾಗಿದ್ದರೆ ಮಗುವಿನ ತಲೆಯನ್ನು ತಾಯಿಯ ತೊಡೆಗೆ ಆನಿಸಿ ಹಿಡಿದು, ಮೈ ಲಾಗ ಹೊಡೆದಂತೆ ಹೊರಳಿ ಬರಲು ಬಿಟ್ಟು, ಆಮೇಲೆ ಬಿಚ್ಚುವುದು. ಭುಜ ಬರುವ ಮೊದಲೇ ಕ್ಲ್ಯಾಂಪ್ ಹಾಕಿ ಕತ್ತರಿಸುವುದು ಕಟ್ಟಕಡೆಯ ದಾರಿ, ಯಾಕಂದರೆ ಕತ್ತರಿಸಿದ ಮೇಲೆ ಭುಜ ಸಿಕ್ಕಿಕೊಂಡರೆ ಮಗುವಿಗೆ ಆಮ್ಲಜನಕದ ಯಾವ ದಾರಿಯೂ ಉಳಿಯುವುದಿಲ್ಲ. ಹೊಸದಾಗಿ ಲೇಬರ್ ರೂಮಿಗೆ ಬರುವ ವಿದ್ಯಾರ್ಥಿಗಳಿಗೆ ಇದನ್ನು ಗಟ್ಟಿ ಹೇಳಬೇಕು, ಬಳ್ಳಿ ಕಂಡ ಕೂಡಲೇ ಕತ್ತರಿಗೆ ಕೈ ಹೋಗುತ್ತದೆ.

---

ಸ್ಕ್ಯಾನ್_ಕೋಣೆ

ಮೇಲಿನ ಉತ್ತರ ಪೂರ್ತಿ ಸರಿ. ಸ್ಕ್ಯಾನಿಂಗಿನ ಕಡೆಯದ್ದು ಸ್ವಲ್ಪ ಸೇರಿಸುತ್ತೇನೆ.

ಕೊರಳ ಸುತ್ತನ್ನು ನಾವು ಕಲರ್ ಡಾಪ್ಲರ್ (ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಸ್ಕ್ಯಾನಿಂಗ್) ಹಾಕಿ ನೋಡುತ್ತೇವೆ. ಮಗುವಿನ ಕತ್ತಿನ ಹಿಂಭಾಗದ ಚರ್ಮದ ಮೇಲೆ ಬಳ್ಳಿ ಕೂತ ಕಡೆ ಒಂದು ತಗ್ಗು ಕಾಣುತ್ತದೆ, ಎರಡು ಸುತ್ತಾದರೆ ಎರಡು ತಗ್ಗು. ಆದರೆ ಬಿಗಿಯೋ ಸಡಿಲವೋ ಅಂತ ಖಚಿತವಾಗಿ ಹೇಳಲು ಸ್ಕ್ಯಾನಿಂಗಿಗೆ ಬರುವುದಿಲ್ಲ. ಕತ್ತಿನ ಪಕ್ಕದಲ್ಲಿ ಸುಮ್ಮನೆ ತೇಲುವ ಬಳ್ಳಿಯೂ ಸುತ್ತಿದಂತೆ ಕಾಣಬಹುದು. ಆ ಸಾಲು ಬರೆಯುವವರು ಅದರ ಅರ್ಥವನ್ನೂ ಎರಡು ಮಾತಿನಲ್ಲಿ ಮನೆಯವರಿಗೆ ಹೇಳಿ ಕಳಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡೇ ರಕ್ತನಾಳ ಅಂದರೆ ಒಂದು ಅಪಧಮನಿ ಇಲ್ಲ ಅಂತ. 100ರಿಂದ 200 ಗರ್ಭಗಳಲ್ಲಿ ಒಂದಕ್ಕೆ ಹೀಗಿರುತ್ತದೆ, ಅವಳಿಗಳಲ್ಲಿ ಹೆಚ್ಚು. ಮಗುವಿನ ಮೂತ್ರಕೋಶದ ಎರಡೂ ಬದಿಯಲ್ಲಿ ಅಪಧಮನಿ ಹಾದು ಬರುವುದರಿಂದ ಅಲ್ಲಿ ಕಲರ್ ಹಾಕಿದರೆ ಎರಡುಂಟಾ ಒಂದುಂಟಾ ಅಂತ ಬೇಗ ಗೊತ್ತಾಗುತ್ತದೆ. ಒಂದೇ ಕಂಡರೆ ಹೃದಯ, ಮೂತ್ರಪಿಂಡ, ಬೆನ್ನುಮೂಳೆಯನ್ನು ಕೂಲಂಕಷವಾಗಿ ನೋಡಬೇಕು. ಬೇರೆ ದೋಷ ಇಲ್ಲ ಅಂತಾದರೆ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ತೂಕ ಏರುತ್ತಿದೆಯಾ ಅಂತ ನೋಡಲು ಏಳು-ಎಂಟನೇ ತಿಂಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ಮಾಡಿಸಿದರೆ ಸಾಕು.

ಕೊರಳ ಸುತ್ತಿಗಿಂತ ಹೆಚ್ಚು ಗಮನ ಕೊಡಬೇಕಾದ ಒಂದು ವಿಷಯ ಯಾರೂ ಕೇಳುವುದಿಲ್ಲ: ಬಳ್ಳಿ ಮಾಸಿಗೆ ಎಲ್ಲಿ ಸೇರುತ್ತದೆ. ನಡುವಿನಲ್ಲಿ ಸೇರಿದರೆ ಒಳ್ಳೆಯದು, ಅಂಚಿನಲ್ಲಿ ಸೇರಿದರೂ ಹೆಚ್ಚೇನೂ ತೊಂದರೆ ಇಲ್ಲ. ಸುಮಾರು 100ರಲ್ಲಿ ಒಂದಕ್ಕೆ ಬಳ್ಳಿ ಮಾಸನ್ನು ಮುಟ್ಟುವ ಮೊದಲೇ ನೀರಿನ ಚೀಲದ ಪೊರೆಗೆ ಸೇರಿ, ಅಲ್ಲಿಂದ ನಾಳಗಳು ಜೆಲ್ಲಿಯ ಹೊದಿಕೆ ಇಲ್ಲದೆ ಪೊರೆಯ ಮೇಲೆ ಹರಿದು ಹೋಗುತ್ತವೆ. ಈ ಬೆತ್ತಲೆ ನಾಳ ಗರ್ಭಕೋಶದ ಬಾಯಿಯ ಮೇಲೇ ಹಾದುಹೋದರೆ ಅದನ್ನು ವಾಸಾ ಪ್ರೀವಿಯಾ ಅನ್ನುತ್ತಾರೆ. ಅಪರೂಪ, ಆದರೆ ನೀರಿನ ಚೀಲ ಒಡೆಯುವಾಗ ಆ ನಾಳವೂ ಹರಿದು ತುಂಡಾಗಬಹುದು. ಆಗ ಹೋಗುವುದು ಮಗುವಿನ ರಕ್ತ. 3 ಕೆ.ಜಿ. ಮಗುವಿನ ಮೈಯಲ್ಲಿ ಒಟ್ಟು ಇರುವುದೇ ಕಾಲು ಲೀಟರಿನಷ್ಟು, ಹಾಗಾಗಿ ನೋಡುನೋಡುತ್ತಿದ್ದಂತೆ ಕೈಮೀರುತ್ತದೆ. ಮೊದಲೇ ಗೊತ್ತಾದರೆ ನೋವು ಬರುವ ಮುಂಚೆ ಸಿಸೇರಿಯನ್ ಮಾಡಿ ಮಗುವನ್ನು ಉಳಿಸಿಕೊಳ್ಳಬಹುದು. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಾಸು ಕೆಳಗಿದ್ದರೆ, ಅವಳಿ ಇದ್ದರೆ, ಐವಿಎಫ್ ಗರ್ಭವಾದರೆ ಇದನ್ನು ಹುಡುಕಿ ನೋಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಬಳ್ಳಿಯಲ್ಲಿ ನಿಜವಾದ ಗಂಟು ಬೀಳುವುದೂ ಉಂಟು, ಸುಮಾರು 100ರಲ್ಲಿ ಒಂದು. ಜೆಲ್ಲಿ ಇರುವುದರಿಂದ ಹೆಚ್ಚಿನವು ಬಿಗಿಯುವುದಿಲ್ಲ, ಹೆರಿಗೆ ಆದ ಮೇಲೆಯೇ ಕಾಣಸಿಗುತ್ತವೆ. ನಾಳವೇ ಉಬ್ಬಿ ಗಂಟಿನಂತೆ ಕಾಣುವುದು ಬೇರೆ, ಅದರಿಂದ ಏನೂ ಆಗುವುದಿಲ್ಲ.

ಡಾಪ್ಲರ್ ರಿಪೋರ್ಟಿನ ಬಗ್ಗೆಯೂ ಒಂದು ಮಾತು. ಬೆಳವಣಿಗೆ ಕಡಿಮೆ ಇರುವ ಮಗು, ಬಿಪಿ ಇರುವ ತಾಯಿ ಇವರಲ್ಲಿ ಬಳ್ಳಿಯ ಅಪಧಮನಿಯ ಹರಿವು ನೋಡುತ್ತೇವೆ. ಮಗುವಿನ ಹೃದಯ ಒಂದು ಬಡಿತ ಮುಗಿಸಿ ಇನ್ನೊಂದಕ್ಕೆ ಸಜ್ಜಾಗುವ ಹೊತ್ತಿನಲ್ಲೂ ರಕ್ತ ಮಾಸಿನ ಕಡೆಗೆ ಹರಿಯುತ್ತಲೇ ಇರಬೇಕು. ಮಾಸಿನೊಳಗಿನ ಸಣ್ಣ ನಾಳಗಳು ಹಾಳಾದರೆ ಆ ಹರಿವು ಕಡಿಮೆಯಾಗಿ, ಆಮೇಲೆ ನಿಂತು, ಕೊನೆಗೆ ಹಿಂದಕ್ಕೆ ತಿರುಗುತ್ತದೆ. ‘ಹರಿವು ಇಲ್ಲ’ ಅಥವಾ ‘ಹಿಮ್ಮುಖ’ ಅಂತ ಬರೆದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಎನ್‌ಐಸಿಯು (ಎಳೆಕೂಸುಗಳ ತೀವ್ರ ನಿಗಾ ಘಟಕ) ಇರುವಲ್ಲಿಗೆ. ನಾಳೆ ನೋಡುವ ಅನ್ನಬಾರದು.

---

ಮಲ್ಪೆ_ಗಾಳಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದು ಕೇಳಲು ಬಿಟ್ಟುಹೋಯಿತು. ನೀರು ಹೋದ ಕೂಡಲೇ ಬಳ್ಳಿ ಮೊದಲು ಹೊರಗೆ ಬಂದರೆ ಮನೆಯಲ್ಲಿ ಎಂತ ಮಾಡಬೇಕು? ಬೈಂದೂರಿನ ಒಳಗಿನ ಊರುಗಳಿಂದ, ಹೆಬ್ರಿ-ಕಾರ್ಕಳದ ಘಟ್ಟದ ಬುಡದಿಂದ ಬರುವವರಿಗೆ ಆಸ್ಪತ್ರೆ ಹತ್ತಿರ ಇಲ್ಲ.

---

ಹೆರಿಗೆ_ಕೋಣೆ_ಮಂಗಳೂರು

ಒಳ್ಳೆ ಪ್ರಶ್ನೆ. ಬಳ್ಳಿಯ ವಿಷಯದಲ್ಲಿ ನಿಜವಾದ ತುರ್ತು ಇದೇ. ಸುಮಾರು 500 ಹೆರಿಗೆಗೆ ಒಂದು ಇರಬಹುದು. ಮಗುವಿನ ತಲೆ ಕೆಳಗೆ ಕೂತಿದ್ದರೆ ಬಳ್ಳಿಗೆ ಜಾರಲು ಜಾಗ ಇರುವುದಿಲ್ಲ. ಮಗು ಅಡ್ಡ ಇದ್ದರೆ, ಕಾಲು ಕೆಳಗೆ ಇದ್ದರೆ, ನೀರು ವಿಪರೀತ ಹೆಚ್ಚಿದ್ದರೆ, ಅವಳಿಯಾದರೆ, ತಿಂಗಳು ತುಂಬದಿದ್ದರೆ ಜಾಗ ಉಳಿಯುತ್ತದೆ. ನೀರು ರಭಸದಿಂದ ಹೋಗುವಾಗ ಬಳ್ಳಿಯೂ ಜೊತೆಗೆ ಬರುತ್ತದೆ, ಹಿಂದಿನಿಂದ ಬರುವ ತಲೆ ಅದನ್ನು ಎಲುಬಿಗೆ ಒತ್ತುತ್ತದೆ. ತಾಯಿ ಕಾರ್ಡಿನಲ್ಲಿ ಹೀಗೇನಾದರೂ ಬರೆದಿದ್ದರೆ ಅಂಥವರು 37 ವಾರ ಆದ ಮೇಲೆ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಆಸ್ಪತ್ರೆಯೊಳಗೂ ತಲೆ ಮೇಲಿರುವಾಗ ನೀರಿನ ಚೀಲ ಒಡೆಯಬಾರದು ಅನ್ನುವುದು ಇದೇ ಕಾರಣಕ್ಕೆ.

ಮನೆಯಲ್ಲಿ ಆದರೆ: ಕೂಡಲೇ ತಾಯಿ ಮೊಣಕಾಲೂರಿ, ಎದೆ ಹಾಸಿಗೆಗೆ ತಾಗುವಂತೆ ಬಾಗಬೇಕು, ಸೊಂಟ ಮೇಲೆ, ತಲೆ ಕೆಳಗೆ. ಆಗ ಮಗುವಿನ ಭಾರ ಬಳ್ಳಿಯ ಮೇಲಿಂದ ಸರಿಯುತ್ತದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಿ “ನೀರು ಹೋಗಿ ಬಳ್ಳಿ ಹೊರಗೆ ಬಂದಿದೆ” ಅಂತ ಇದೇ ಮಾತಿನಲ್ಲಿ ಹೇಳಬೇಕು, ಹೋಗುವ ಆಸ್ಪತ್ರೆಗೂ ಹೇಳಬೇಕು, ಅಲ್ಲಿ ಆಪರೇಷನ್ ಥಿಯೇಟರ್ ತಯಾರಾಗಿರುತ್ತದೆ. ವಾಹನದೊಳಗೆ ಮೊಣಕಾಲೂರಿ ಕೂರುವುದು ಅಪಾಯ, ತಿರುವಿನಲ್ಲಿ ಬೀಳುತ್ತಾರೆ. ಎಡಮಗ್ಗುಲಾಗಿ ಮಲಗಿಸಿ ಸೊಂಟದ ಕೆಳಗೆ ಎರಡು ದಿಂಬು ಇಡಿ. ತಾಯಿ ಮುಕ್ಕಬಾರದು, ಅಂದರೆ ಮಗುವನ್ನು ಕೆಳಗೆ ತಳ್ಳಲು ಬಲ ಹಾಕಬಾರದು. ಊಟ, ನೀರು, ಕಷಾಯ ಏನೂ ಕೊಡಬೇಡಿ, ಅರಿವಳಿಕೆ ಬೇಕಾಗುತ್ತದೆ.

ಹೊರಗೆ ಬಂದ ಬಳ್ಳಿಯನ್ನು ಒಳಗೆ ತುರುಕಬೇಡಿ, ಹಿಡಿದು ನೋಡಬೇಡಿ, ಎಳೆಯಬೇಡಿ. ತಣ್ಣಗಾದರೂ, ಕೈ ತಾಗಿದರೂ ನಾಳಗಳು ಸೆಟೆದುಕೊಂಡು ರಕ್ತ ನಿಲ್ಲುತ್ತದೆ. ಶುದ್ಧ ಒಣ ಬಟ್ಟೆಯನ್ನು ಹೊರಗಿನಿಂದ ಒತ್ತದೆ ಮುಚ್ಚಿ, ಅಷ್ಟು ಸಾಕು. ನರ್ಸ್ ಇದ್ದರೆ ಗ್ಲೌಸ್ ಹಾಕಿ ಎರಡು ಬೆರಳಿನಿಂದ ಮಗುವಿನ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು, ಥಿಯೇಟರ್ ತನಕವೂ ತೆಗೆಯಬಾರದು. ದೂರದ ದಾರಿಯಾದರೆ ಮೂತ್ರಕೋಶಕ್ಕೆ ಕ್ಯಾಥೆಟರ್ ಹಾಕಿ ಸುಮಾರು 500 ಮಿ.ಲೀ. ಸಲೈನ್ ತುಂಬಿ ಕ್ಲ್ಯಾಂಪ್ ಮಾಡುವುದು ಇನ್ನೂ ಒಳ್ಳೆಯದು, ತುಂಬಿದ ಮೂತ್ರಕೋಶವೇ ತಲೆಯನ್ನು ಎತ್ತಿ ಹಿಡಿಯುತ್ತದೆ. ಹೊಟ್ಟೆ ಕೊಯ್ಯುವ ಮೊದಲು ಅದನ್ನು ಖಾಲಿ ಮಾಡಲು ಮರೆಯಬಾರದು.

ಈಗ ಕತ್ತರಿಸುವ ವಿಷಯ. ಮಗು ಹುಟ್ಟಿದ ಗಳಿಗೆಯಲ್ಲಿ ಅದರ ರಕ್ತದ ಸುಮಾರು ಮೂರನೇ ಒಂದು ಪಾಲು ಇನ್ನೂ ಮಾಸು-ಬಳ್ಳಿಯಲ್ಲಿರುತ್ತದೆ. ಕತ್ತರಿಸದೆ ಬಿಟ್ಟರೆ ಮೊದಲ ನಿಮಿಷದಲ್ಲಿ ಸುಮಾರು 80 ಮಿ.ಲೀ., ಮೂರು ನಿಮಿಷಕ್ಕೆ 100 ಮಿ.ಲೀ.ಯಷ್ಟು ಮಗುವಿಗೆ ಬರುತ್ತದೆ. ಆ ರಕ್ತದಲ್ಲಿರುವ ಕಬ್ಬಿಣದ ಅಂಶ ಮುಂದಿನ ಆರು ತಿಂಗಳ ಬಂಡವಾಳ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ 67 ಶೇಕಡಾ ಮಂದಿಗೆ ರಕ್ತಹೀನತೆ ಕಂಡಿತ್ತು. ಒಂದು ಪೈಸೆ ಖರ್ಚಿಲ್ಲದೆ, ಎರಡು ನಿಮಿಷ ಕಾದು ಕೊಡಬಹುದಾದ್ದನ್ನು ಯಾಕೆ ಕೊಡಬಾರದು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1ರಿಂದ 3 ನಿಮಿಷ ಕಾಯಿರಿ ಅಂತಲೇ. ಸಿಸೇರಿಯನ್‌ನಲ್ಲೂ ಮಾಡಬಹುದು. ಮಗುವನ್ನು ತಾಯಿಯ ಹೊಟ್ಟೆಯ ಮೇಲೆ ಇಟ್ಟು, ಒರೆಸಿ, ಬೆಚ್ಚಗೆ ಮುಚ್ಚಿ ಕಾಯುವುದು. ಬಳ್ಳಿಯ ಮಿಡಿತ ಬೆರಳಿಗೆ ಸಿಗುತ್ತದೆ, ನಿಧಾನ ಕ್ಷೀಣಿಸಿ ನಿಲ್ಲುತ್ತದೆ, ಉಬ್ಬಿದ್ದ ನೀಲಿ ಬಳ್ಳಿ ಬಿಳಿಚಿಕೊಂಡು ಚಪ್ಪಟೆಯಾಗುತ್ತದೆ. ಮನೆಯವರಿಗೆ ಇದು ನಿರ್ಲಕ್ಷ್ಯ ಅನಿಸುವುದು ಸಹಜ, ಮೊದಲೇ ಹೇಳಿಟ್ಟರೆ ಗಲಾಟೆ ಇಲ್ಲ.

ಕಾಯಬಾರದ ಸಂದರ್ಭಗಳೂ ಉಂಟು: ಒರೆಸಿ ಬೆನ್ನು ತಿಕ್ಕಿದರೂ ಮಗು ಉಸಿರೆಳೆಯದಿದ್ದರೆ, ತಾಯಿಗೆ ರಕ್ತಸ್ರಾವ ಹೆಚ್ಚಿದ್ದರೆ, ಮಾಸು ಮೊದಲೇ ಬಿಟ್ಟುಕೊಂಡಿದ್ದರೆ, ಬಳ್ಳಿ ಹರಿದಿದ್ದರೆ.

ಮಗುವಿನ ಹೊಟ್ಟೆಯಿಂದ 2–3 ಸೆಂ.ಮೀ. ಬಿಟ್ಟು ಒಂದು ಕ್ಲ್ಯಾಂಪ್, ಸುಮಾರು 5 ಸೆಂ.ಮೀ.ಗೆ ಇನ್ನೊಂದು, ನಡುವೆ ಸ್ಟೆರೈಲ್ ಕತ್ತರಿ. ರಕ್ತ ಚಿಮ್ಮದಂತೆ ಮೇಲೆ ಗಾಜ್ ಹಿಡಿಯಬೇಕು. ಬಳ್ಳಿಯಲ್ಲಿ ನರ ಇಲ್ಲ, ಯಾರಿಗೂ ನೋವಾಗುವುದಿಲ್ಲ. ಬುಡ ಅಸಹಜವಾಗಿ ದಪ್ಪ ಉಬ್ಬಿದ್ದರೆ ಒಳಗೆ ಕರುಳಿನ ತುಂಡು ಇರಬಹುದು, ಆಗ ಉಬ್ಬಿನಿಂದ ಸಾಕಷ್ಟು ಆಚೆ ಕ್ಲ್ಯಾಂಪ್ ಹಾಕಿ ವೈದ್ಯರಿಗೆ ತೋರಿಸಬೇಕು. ದಪ್ಪ ಬಳ್ಳಿಯ ಜೆಲ್ಲಿ ಒಂದೆರಡು ಗಂಟೆಯಲ್ಲಿ ಕುಗ್ಗಿದಾಗ ದಾರದ ಕಟ್ಟು ಸಡಿಲಾಗಿ ರಕ್ತ ಜಿನುಗುವುದುಂಟು. ಬಟ್ಟೆ ಬಿಚ್ಚಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ.

ತಾಯಿಯ ರಕ್ತ ನೆಗೆಟಿವ್ ಗುಂಪಾದರೆ ಮಾಸಿನ ಕಡೆಯ ತುದಿಯಿಂದ ರಕ್ತ ತೆಗೆದು ಮಗುವಿನ ಗುಂಪು, ಕೂಂಬ್ಸ್ ಪರೀಕ್ಷೆಗೆ (ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕಣಕ್ಕೆ ಅಂಟಿವೆಯಾ ಅಂತ ನೋಡುವುದು) ಕಳಿಸುತ್ತೇವೆ. ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು, ಮುಂದಿನ ಮಗುವಿಗೆ ತೊಂದರೆ ಆಗದಂತೆ. ಹಾಗೆಯೇ ಮಾಸು ಬರುವ ತನಕ ಯಾರೂ ಬಳ್ಳಿಯನ್ನು ಸುಮ್ಮನೆ ಎಳೆಯಬಾರದು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶ ಗಟ್ಟಿಯಾಗಿಸುವ ಮದ್ದು ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡುತ್ತೇವೆ, ಅದಕ್ಕೆ ಬಳ್ಳಿ ಕತ್ತರಿಸಿರಬೇಕು ಅಂತಿಲ್ಲ. ಗರ್ಭಕೋಶ ಗಟ್ಟಿಯಾದ ಮೇಲೆ ಹೊಟ್ಟೆಯ ಮೇಲಿಂದ ಅದನ್ನು ಒಂದು ಕೈಯಲ್ಲಿ ತಡೆಹಿಡಿದು ಇನ್ನೊಂದು ಕೈಯಲ್ಲಿ ಹದವಾಗಿ ಎಳೆಯುವುದು. ಗರ್ಭಕೋಶ ಮೆತ್ತಗಿರುವಾಗ ಜಗ್ಗಿದರೆ ಬಳ್ಳಿ ತುಂಡಾಗಬಹುದು, ಅದಕ್ಕಿಂತ ಕೆಟ್ಟದ್ದು ಗರ್ಭಕೋಶವೇ ಒಳಮೈ ಹೊರಗಾಗಿ ಬರಬಹುದು.

---

ಎಳೆಕೂಸು_ಮಣಿಪಾಲ

ಮಗುವಿನ ಕಡೆಯ ವಿಚಾರ ನಾನು ಹೇಳುತ್ತೇನೆ.

ಮೊದಲ ಉಸಿರಿಗೆ ಶ್ವಾಸಕೋಶ ಅರಳಿ ಅಲ್ಲಿಗೆ ರಕ್ತ ನುಗ್ಗುತ್ತದೆ. ಅದೇ ಹೊತ್ತಿಗೆ ರಕ್ತದಲ್ಲಿ ಆಮ್ಲಜನಕ ಏರಿದ್ದರಿಂದ, ಹೊರಗಿನ ತಂಪಿನಿಂದ ಬಳ್ಳಿಯ ಅಪಧಮನಿಗಳು ತಾವಾಗಿಯೇ ಸೆಟೆದು ಮುಚ್ಚುತ್ತವೆ. ಅಭಿಧಮನಿ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ, ಹಾಗಾಗಿ ರಕ್ತ ಮಗುವಿನ ಕಡೆಗೇ ಬರುತ್ತದೆ. ಕೊರಳಿಗೆ ಬಿಗಿಯಾಗಿ ಸುತ್ತಿದ್ದ ಮಗುವಿಗೆ ಈ ಎರಡು ನಿಮಿಷ ಇನ್ನೂ ಮುಖ್ಯ: ಅಭಿಧಮನಿ ಒತ್ತಿಹೋಗಿ ಅಪಧಮನಿ ಹರಿಯುತ್ತಿದ್ದುದರಿಂದ ಅದರ ರಕ್ತ ಮಾಸಿನಲ್ಲಿ ಉಳಿದಿರುತ್ತದೆ, ಮಗು ಬಿಳಿಚಿಕೊಂಡಿರುತ್ತದೆ.

ಕಾದು ಕತ್ತರಿಸಿದ ಮಕ್ಕಳಲ್ಲಿ ಕಾಮಾಲೆಗೆ ನೀಲಿ ಬೆಳಕಿನ ಚಿಕಿತ್ಸೆ ಬೇಕಾಗುವುದು ಸ್ವಲ್ಪ ಹೆಚ್ಚು. ಅದನ್ನು ಮುಚ್ಚಿಡಬಾರದು. ಮೂರನೇ-ನಾಲ್ಕನೇ ದಿನ ಮಗುವನ್ನು ಹಗಲು ಬೆಳಕಿನಲ್ಲಿ ನೋಡಿ, ಹಳದಿ ಅಂಗಾಲಿಗೆ ಇಳಿದಿದ್ದರೆ ಕರೆತನ್ನಿ ಅಂತ ಹೇಳಿ ಕಳಿಸಿ. ತಿಂಗಳು ತುಂಬದ ಮಕ್ಕಳಿಗಂತೂ ಕಾಯುವುದರ ಲಾಭ ಇನ್ನೂ ದೊಡ್ಡದು. ಆದರೆ 28 ವಾರಕ್ಕಿಂತ ಮುಂಚೆ ಹುಟ್ಟಿದ ಮಗುವಿಗೆ ಬಳ್ಳಿಯನ್ನು ಹಿಂಡಿ ರಕ್ತ ತಳ್ಳಬಾರದು, ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ಉಂಟು.

ಇನ್ನು ಹೊಕ್ಕುಳು. ಇದಕ್ಕೆ ಏನೂ ಹಾಕದೆ ಒಣಗಲು ಬಿಡುವುದೇ ಆರೈಕೆ. ತೆಂಗಿನೆಣ್ಣೆ, ಬಜೆ ತೇದದ್ದು, ಅರಸಿನ, ಬೂದಿ, ಪೌಡರ್, ಸ್ಪಿರಿಟ್ ಯಾವುದೂ ಬೇಡ. ಎಣ್ಣೆ, ಪೌಡರ್ ತೇವ ಹಿಡಿದಿಡುತ್ತವೆ. ಸ್ಪಿರಿಟ್ ಹಚ್ಚಿದರೆ ಬೀಳುವುದು ತಡವಾಗುತ್ತದೆ. ತೇದ ಕಲ್ಲು, ಬೂದಿ, ಸಗಣಿಯಿಂದ ಬರುವ ಧನುರ್ವಾಯು ಒಂದು ಕಾಲಕ್ಕೆ ಎಷ್ಟೋ ಕೂಸುಗಳನ್ನು ಕೊಂದಿತ್ತು. ಗರ್ಭಿಣಿಯರಿಗೆ ಚುಚ್ಚುಮದ್ದು, ಶುದ್ಧ ಬ್ಲೇಡು, ಶುದ್ಧ ದಾರ ಇವುಗಳಿಂದಲೇ 2015ರಲ್ಲಿ ಭಾರತ ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆ ಮಾಡಿದ ದೇಶವಾಯಿತು. ಆಸ್ಪತ್ರೆಯಲ್ಲಿ ಕಾಪಾಡಿಕೊಂಡದ್ದನ್ನು ಮನೆಗೆ ಹೋಗಿ ಕೆಡಿಸಬಾರದು.

ನಮ್ಮ ಮಳೆಗಾಲದ ಕಷ್ಟ ಬೇರೆಯೇ. ಜೂನ್-ಜುಲೈಯಲ್ಲಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಅರೆಹಸಿ ಬಟ್ಟೆಯನ್ನೇ ಕಟ್ಟುತ್ತಾರೆ. ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿದ ಹತ್ತಿ ಬಟ್ಟೆಯೇ ಆಗಬೇಕು. ಡೈಪರ್ ಆದರೆ ಮುಂದಿನ ಅಂಚನ್ನು ಹೊಕ್ಕುಳಿನ ಕೆಳಗೆ ಮಡಿಚಿ, ಮೂತ್ರ ತಾಗಬಾರದು. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದು ಬೇಡ. ಎಣ್ಣೆ ತಿಕ್ಕಿ ಮೀಯಿಸುವ ಕ್ರಮ ಬಿಡಲು ಮನೆಯವರು ಒಪ್ಪುವುದಿಲ್ಲ ಅಂತಾದರೆ, ಹೊಕ್ಕುಳು ಬೀಳುವ ತನಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು ಅಂತ ಅಜ್ಜಿಯವರಿಗೆ ಮರ್ಯಾದೆಯಿಂದ ಹೇಳಿ. ಬಿದ್ದ ಮೇಲೆ ಅವರ ಕೈಯ ಸ್ನಾನ ಹೇಗೂ ಉಂಟಲ್ಲ. ಕೊಳೆ ತಾಗಿದರೆ ಕಾಯಿಸಿ ಆರಿಸಿದ ನೀರಿನಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಬುಡದ ಸುತ್ತ ಒತ್ತಿ ಒಣಗಿಸಿ.

ಬಿಳಿ ತುಂಡು ಹಳದಿ-ಕಂದು ಆಗಿ, ಕಪ್ಪಾಗಿ ಮುರುಟಿ, 5ರಿಂದ 15 ದಿನದೊಳಗೆ ಬೀಳುತ್ತದೆ. ಎಳೆದು ಕೀಳಬೇಡಿ, ಒಂದೇ ಎಳೆಯಲ್ಲಿ ನೇತಾಡುತ್ತಿದ್ದರೂ ಸರಿ. ಬೀಳುವಾಗ ಬಟ್ಟೆಗೆ ಒಂದೆರಡು ಹನಿ ರಕ್ತ ಅಂಟುವುದು ಸಹಜ. ಒರೆಸಿದರೂ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ಬನ್ನಿ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರಾ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳಿ.

ಹೊಕ್ಕುಳ ಸುತ್ತಲಿನ ಚರ್ಮ ಕೆಂಪಾಗಿ ಊದಿಕೊಂಡರೆ, ಕೀವು, ಗಬ್ಬುವಾಸನೆ, ಜ್ವರ ಅಥವಾ ಮೈ ತಣ್ಣಗಾಗುವುದು, ಹಾಲು ಚೀಪದೆ ಮಂಕಾಗುವುದು ಕಂಡರೆ ಅದೇ ದಿನ ಆಸ್ಪತ್ರೆ. ಬಳ್ಳಿಯ ಅಭಿಧಮನಿ ಒಳಗೆ ನೇರ ಯಕೃತ್ತಿನ ಕಡೆಗೆ ಹೋಗುತ್ತದೆ. ಹೊರಗಿನ ಸೋಂಕಿಗೆ ಅದು ತೆರೆದ ದಾರಿ. ಮೂರು ವಾರ ಕಳೆದರೂ ಬೀಳದಿದ್ದರೆ, ಬಿದ್ದ ಜಾಗದಲ್ಲಿ ನೀರಿನಂಥದ್ದು ಸದಾ ಒಸರುತ್ತಿದ್ದರೆ ಅದನ್ನೂ ತೋರಿಸಬೇಕು, ಮೂತ್ರಕೋಶದಿಂದ ಹೊಕ್ಕುಳಿಗೆ ಇದ್ದ ಹಳೆಯ ನಾಳ ಮುಚ್ಚದೆ ಉಳಿದಿರಬಹುದು. ಅತ್ತಾಗ ಹೊಕ್ಕುಳು ಉಬ್ಬುವುದಕ್ಕೆ ನಾಣ್ಯ ಕಟ್ಟುವುದು ಬೇಡ, ಹೆಚ್ಚಿನವು ಎರಡು-ಮೂರು ವರ್ಷದೊಳಗೆ ತಾವಾಗಿಯೇ ಮುಚ್ಚುತ್ತವೆ.

---

ಮಲ್ಪೆ_ಗಾಳಿ

ಡಾಕ್ಟ್ರೇ, ಎರಡು ಸಣ್ಣ ವಿಷಯ. ಬಳ್ಳಿಯ ರಕ್ತವನ್ನು ಬ್ಯಾಂಕಿನಲ್ಲಿ ಇಡಿ ಅಂತ ಏಜೆಂಟರು ಗರ್ಭಿಣಿಯರಿಗೆ ಫೋನ್ ಮಾಡುತ್ತಾರೆ, ಅದಕ್ಕೆ ಎಂತ ಹೇಳುವುದು? ಇನ್ನೊಂದು, ಹೊಕ್ಕುಳು ಬಿದ್ದ ಮೇಲೆ ಒಳಗೆ ಕೆಂಪು ಮಾಂಸದ ಮೊಳಕೆ ಕಂಡರೆ?

---

ಎಳೆಕೂಸು_ಮಣಿಪಾಲ

ಬಳ್ಳಿಯ ರಕ್ತದಲ್ಲಿ ರಕ್ತ ತಯಾರಿಸುವ ಆಕರಕೋಶಗಳಿರುವುದು ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ರಕ್ತಹೀನತೆ ಇದ್ದ ಹುಡುಗನಿಗೆ ಅವನ ತಂಗಿಯ ಬಳ್ಳಿಯ ರಕ್ತದಿಂದ ಮೊದಲ ಕಸಿ ಆಯಿತು. ಇದರಲ್ಲಿ ಗಮನಿಸಬೇಕಾದ್ದು, ಅದು ಅವನದೇ ರಕ್ತ ಆಗಿರಲಿಲ್ಲ. ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗೆ ಮಗುವಿನ ಸ್ವಂತ ಬಳ್ಳಿಯ ರಕ್ತ ಉಪಯೋಗಕ್ಕೆ ಬರುವುದಿಲ್ಲ, ಅದರಲ್ಲೂ ಅದೇ ದೋಷ ಇರುತ್ತದೆ. ಮುಂದೆಂದೋ ತನಗೇ ಬೇಕಾದೀತು ಅಂತ ಖಾಸಗಿಯಾಗಿ ಇಡುವುದನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಮೊದಲ ಮಗುವಿಗೆ ಥಲಸ್ಸೀಮಿಯಾದಂಥ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಕಾಯಿಲೆ ಇದ್ದರೆ ಮಾತು ಬೇರೆ, ರಕ್ತರೋಗ ತಜ್ಞರ ಹತ್ತಿರ ಮಾತಾಡಿ ಇಡಬಹುದು. ಚೀಲ ತುಂಬಬೇಕು ಅಂತ ಬೇಗ ಕ್ಲ್ಯಾಂಪ್ ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ರಕ್ತ ಇವತ್ತು ಮಗುವಿಗೇ ಬೇಕು.

ಕೆಂಪು ಮೊಳಕೆ ಹೆಚ್ಚಾಗಿ ಗ್ರಾನ್ಯುಲೋಮಾ, ಗಾಯ ಮಾಯುವಾಗ ಬೆಳೆದ ಹೆಚ್ಚುವರಿ ಮಾಂಸ. ನೋವಿಲ್ಲ, ಸದಾ ಒದ್ದೆ ಇರುತ್ತದೆ. ಒಮ್ಮೆ ವೈದ್ಯರಿಗೆ ತೋರಿಸಿ ಅದೇ ಹೌದು ಅಂತ ಖಚಿತ ಮಾಡಿಕೊಳ್ಳಬೇಕು, ಯಾಕಂದರೆ ಕರುಳಿಗೆ ಸೇರಿದ ಹಳೆಯ ನಾಳದ ಉಳಿಕೆಯೂ ಹೀಗೆಯೇ ಕಾಣುತ್ತದೆ. ಅದು ಹೆಚ್ಚು ಕಡುಗೆಂಪು, ಹೊಳಪು, ಉಪ್ಪಿಗೆ ಕುಗ್ಗುವುದಿಲ್ಲ. ಗ್ರಾನ್ಯುಲೋಮಾ ಅಂತಾದರೆ ಅಡುಗೆಯ ಪುಡಿ ಉಪ್ಪು ಒಂದು ಚಿಟಿಕೆ ಅದರ ಮೇಲೆ ಮಾತ್ರ ಹಾಕಿ, ಗಾಜ್ ಮುಚ್ಚಿ, 10ರಿಂದ 30 ನಿಮಿಷ ಬಿಟ್ಟು ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು ಒಣಗಿಸಬೇಕು. ದಿನಕ್ಕೆ ಎರಡು ಸಲ, ಕೆಲವು ದಿನ. ಉಪ್ಪು ಮೊಳಕೆಯ ನೀರನ್ನು ಎಳೆದುಕೊಂಡು ಅದನ್ನು ಮುರುಟಿಸುತ್ತದೆ. ಒಂದು ವಾರದಲ್ಲಿ ಚಿಕ್ಕದಾಗದಿದ್ದರೆ ಸಿಲ್ವರ್ ನೈಟ್ರೇಟ್ ಅನ್ನುವ ಮಾಂಸ ಸುಡುವ ಮದ್ದು, ಅದನ್ನು ಆಸ್ಪತ್ರೆಯಲ್ಲೇ ಹಚ್ಚಿಸಬೇಕು. ಸುತ್ತಲಿನ ಚರ್ಮಕ್ಕೆ ತಾಗಿದರೆ ಸುಡುತ್ತದೆ.